ಇತ್ಸಿಂಗನ ಪಥ್ಯವಿಚಾರ: ಒಂದು ವಿಮರ್ಶೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 2001ರಲ್ಲಿ ನಡೆಸಿದ ಉತ್ಖನನದಿಂದ ಬೌದ್ಧ ಚೈತ್ಯ ವಿಹಾರಗಳ ಅವಶೇಷಗಳೂ ಮಣ್ಣಿನ ಹರಕೆಯ ಕಿರುಸ್ತೂಪಗಳೂ ಬೆಳಕಿಗೆ ಬಂದುವು. ಮಣ್ಣಿನಿಂದ ಚೈತ್ಯಗಳನ್ನು ಮಾಡಿ ಅವುಗಳೊಳಗೆ ಧರ್ಮಗಾಥೆಯನ್ನಿರಿಸುವ ಪದ್ಧತಿಯನ್ನು ಏಳನೆಯ ಶತಮಾನದ ಚೀನೀ ಭಿಕ್ಷು ಇತ್ಸಿಂಗನು ವರ್ಣಿಸಿರುವುದರಿಂದ, ಈ ನೆಲೆಯನ್ನು ಅಭ್ಯಸಿಸುವವರು ಆತನ ಗ್ರಂಥವನ್ನು ತೆರೆಯುವುದು ಸಹಜ. ಅದೇ ಗ್ರಂಥದಲ್ಲಿ ಆಹಾರ, ಉಪವಾಸ, ಔಷಧಗಳನ್ನು ಕುರಿತ ಅಧ್ಯಾಯಗಳೂ ಇವೆ. ಅವುಗಳಿಂದ ಚೀನೀಯರ ಪಥ್ಯಶಾಸ್ತ್ರವನ್ನು ಎಷ್ಟರಮಟ್ಟಿಗೆ ಕಲಿಯಬಹುದೆಂಬುದೇ ನಾವು ಇಲ್ಲಿ ವಿವೇಚಿಸುವ ಪ್ರಶ್ನೆ.

ಇತ್ಸಿಂಗನು 671ರಲ್ಲಿ ಸಮುದ್ರಮಾರ್ಗವಾಗಿ ಹೊರಟು, ನಾಲಂದದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗಮಾಡಿ, 695ರಲ್ಲಿ ಸ್ವದೇಶಕ್ಕೆ ಮರಳಿದನು. ಚೀನೀಯರು ಮೀನನ್ನೂ ತರಕಾರಿಯನ್ನೂ ಬಹುಮಟ್ಟಿಗೆ ಹಸಿಯಾಗಿಯೇ ತಿನ್ನುವರೆಂದೂ, ಭಾರತೀಯರು ತರಕಾರಿಯನ್ನು ಚೆನ್ನಾಗಿ ಬೇಯಿಸಿ ಇಂಗು, ತುಪ್ಪ, ಎಣ್ಣೆಗಳನ್ನು ಬೆರಸಿ ಉಣ್ಣುವರೆಂದೂ ಆತನು ಹೇಳುತ್ತಾನೆ. ರೋಗಕ್ಕೆ ಮೊದಲ ಚಿಕಿತ್ಸೆ ಉಪವಾಸ. ಅದಕ್ಕೆ ಹಣ ಬೇಕಿಲ್ಲ, ವೈದ್ಯನೂ ಬೇಕಿಲ್ಲ ಎಂಬುದು ಆತನ ನಿಲುವು. ಆದರೆ ಮೂಲಿಕೆಗಳ ಸಮೃದ್ಧಿಯಲ್ಲಿ ಚೀನವೇ ಮೇಲೆಂದು ಒಪ್ಪಿಕೊಳ್ಳುತ್ತಾನೆ.

ಈ ಮಾತುಗಳನ್ನು ತೂಗಿ ನೋಡುವಾಗ ಗ್ರಂಥದ ಉದ್ದೇಶವನ್ನು ಮರೆಯಲಾಗದು. ಸ್ವದೇಶದ ಭಿಕ್ಷುಗಳ ವಿನಯವನ್ನು ತಿದ್ದಬೇಕೆಂದು ಹೊರಟವನು ಇತ್ಸಿಂಗ್. ಅವರ ಊಟದ ರೀತಿಯಲ್ಲಿ ದೋಷವನ್ನೇ ಹೆಚ್ಚಾಗಿ ಕಂಡನು. ರೋಗದ ಕಾರಣವನ್ನು ಹೇಳುವಾಗಲೂ ಬೌದ್ಧರ ನಾಲ್ಕು ಮಹಾಭೂತಗಳನ್ನು ಆಶ್ರಯಿಸುತ್ತಾನೆಯೇ ಹೊರತು ಚೀನೀ ವೈದ್ಯದ ಪಂಚತತ್ತ್ವಗಳನ್ನಲ್ಲ. ಆತನ ಸಮಕಾಲೀನ ವೈದ್ಯ ಸುನ್ ಸಿಮಿಯಾವೊ ಹೇಳುವುದೇ ಬೇರೆ: ಮೊದಲು ಆಹಾರದಿಂದ ಚಿಕಿತ್ಸೆಮಾಡಬೇಕು, ಅದರಿಂದ ಗುಣವಾಗದಿದ್ದರೆ ಮಾತ್ರ ಔಷಧ. ಒಬ್ಬನಿಗೆ ಅನ್ನವನ್ನು ಬಿಡುವುದು ಮದ್ದು; ಇನ್ನೊಬ್ಬನಿಗೆ ಅನ್ನವೇ ಮದ್ದು.

ಚೀನೀ ಪಥ್ಯಶಾಸ್ತ್ರದಲ್ಲಿ ರುಚಿಗಳು ಐದು. ಹುಳಿ ಯಕೃತ್ತಿಗೆ, ಕಹಿ ಹೃದಯಕ್ಕೆ, ಸಿಹಿ ಪ್ಲೀಹಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ ಸೇರುತ್ತವೆ. ನಮ್ಮ ಆರನೆಯ ರಸವಾದ ಒಗರಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಪದಾರ್ಥಗಳ ಉಷ್ಣ ಶೀತಗಳನ್ನು ಇಬ್ಬರೂ ಎಣಿಸುವುದರಿಂದ ಎರಡು ಶಾಸ್ತ್ರಗಳೂ ಒಂದೇ ಎನ್ನುವವರಿದ್ದಾರೆ. ಶುಂಠಿಯನ್ನು ನೋಡೋಣ. ಅದು ಉಷ್ಣವೆಂಬುದರಲ್ಲಿ ಉಭಯರಿಗೂ ಒಮ್ಮತವಿದೆ. ಆದರೆ ಅದು ನಾಲಗೆಗೆ ಖಾರವಾದರೂ ಜೀರ್ಣವಾದ ಮೇಲೆ ಮಧುರವಾಗುವುದೆಂದು ಆಯುರ್ವೇದವು ವಿಪಾಕವನ್ನು ಹೇಳುತ್ತದೆ. ಚೀನೀಯರು ಅದು ಯಾವ ಅಂಗಗಳನ್ನು ಪ್ರವೇಶಿಸುವುದೆಂದು ಕೇಳುತ್ತಾರೆ. ಫಲ ಒಂದೇ ಆದರೂ ತರ್ಕ ಬೇರೆ. ತರ್ಕವನ್ನು ಬಿಟ್ಟು ಪಟ್ಟಿಯನ್ನು ಕಂಠಪಾಠಮಾಡುವುದು ಶಾಸ್ತ್ರವನ್ನು ಕಲಿಯುವ ದಾರಿಯಲ್ಲ.

ಆದುದರಿಂದ ಇತ್ಸಿಂಗನನ್ನು ಚೀನೀ ಪಥ್ಯದ ಗುರುವೆಂದಲ್ಲ, ಎರಡು ಶಾಸ್ತ್ರಗಳ ನಡುವೆ ನಿಂತು ಒಂದರ ಪಕ್ಷವನ್ನು ವಹಿಸಿದ ಸಾಕ್ಷಿಯೆಂದು ಓದತಕ್ಕದ್ದು. ಆತನ ಪಕ್ಕದಲ್ಲಿ ಸುನ್ ಸಿಮಿಯಾವೊನನ್ನೂ ಇಟ್ಟುಕೊಂಡರೆ ವಿದ್ಯಾರ್ಥಿಗೆ ಭೇದವು ಸ್ಪಷ್ಟವಾಗುವುದು. ರಾಜಘಟ್ಟದ ವಿಷಯದಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ. ಕಿರುಸ್ತೂಪಗಳು ಆತನ ವರ್ಣನೆಗೆ ಹೊಂದಿದುವೆಂದ ಮಾತ್ರಕ್ಕೆ, ನಾಲಂದದಲ್ಲಿ ಕಂಡ ಊಟವನ್ನು ರಾಜಘಟ್ಟದ ಭಿಕ್ಷುಗಳ ಪಾತ್ರೆಗೆ ಬಡಿಸಲು ನಮಗೆ ಅಧಿಕಾರವಿಲ್ಲ.