ಷಿಕಾಗೋ ನಗರದ ಅಪರಾಧಪಟಗಳು: ಬಿಂದುವಿನ ಪ್ರಾಮಾಣ್ಯ

ನಗರಾಡಳಿತಗಳು ತಮ್ಮ ದಾಖಲೆಗಳನ್ನು ಸರ್ವರಿಗೂ ತೆರೆದಿಡುವುದೂ, ಆಸಕ್ತರು ಅವುಗಳಿಂದ ಅಂತರ್ಜಾಲದಲ್ಲಿ ಭೂಪಟಗಳನ್ನು ರಚಿಸುವುದೂ ಈ ಶತಮಾನದಲ್ಲಿ ಬೆಳೆದ ವಿದ್ಯೆ. ಅಮೆರಿಕದ ಷಿಕಾಗೋ ನಗರವು ಇದಕ್ಕೆ ಉತ್ತಮ ನಿದರ್ಶನ. 2005ರಲ್ಲಿ ಏಡ್ರಿಯನ್ ಹೊಲೊವಾಟಿಯವರು ಅಲ್ಲಿನ ಪೊಲೀಸ್ ವರದಿಗಳನ್ನು ಗೂಗಲ್ ಭೂಪಟದ ಮೇಲೆ ಗುರುತಿಸಿ ತೋರಿಸಿದರು. 2001ರಿಂದೀಚಿನ ಅಪರಾಧಗಳ ಪಟ್ಟಿಯನ್ನು ನಗರವೇ ಈಗ ಪ್ರಕಟಿಸುತ್ತಿದೆ.

ಪಟ್ಟಿಯು ಪಟವಾಗುವ ಕ್ರಮ ಸರಳವಾದುದು. ಸಾಮಾನ್ಯವಾಗಿ ಪ್ರತಿಯೊಂದು ವರದಿಗೂ ಅಕ್ಷಾಂಶ ರೇಖಾಂಶಗಳಿರುತ್ತವೆ. ಪೋಸ್ಟ್‌ಜಿಐಎಸ್ ಮೊದಲಾದ ಗಣಕಸಾಧನಗಳಲ್ಲಿ ಸ್ಥಳಸಂಬಂಧವಾದ ಎರಡು ಪ್ರಶ್ನೆಗಳನ್ನು ಮುಖ್ಯವಾಗಿ ಕೇಳಲಾಗುತ್ತದೆ: ಈ ಬಿಂದುವು ಯಾವ ಎಲ್ಲೆಯೊಳಗಿದೆ? ಈ ಸ್ಥಳದಿಂದ ಇಷ್ಟು ದೂರದೊಳಗೆ ಯಾವ ಬಿಂದುಗಳಿವೆ? ಮೊದಲನೆಯದರಿಂದ ನಗರದ 77 ವಿಭಾಗಗಳ ಲೆಕ್ಕವು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಸಾವಿರಾರು ಪುಟಗಳ ಪಟ್ಟಿಯಲ್ಲಿ ಕಾಣದಿದ್ದುದು ಕಣ್ಣಿಗೆ ಕಟ್ಟುತ್ತದೆ. ಈ ಗುಣವನ್ನು ಒಪ್ಪಲೇಬೇಕು.

ಎರಡನೆಯ ಪ್ರಶ್ನೆಯಲ್ಲಿ ದೋಷಗಳು ತಲೆದೋರುತ್ತವೆ. ಡಿಗ್ರಿಗಳಲ್ಲಿಯೇ ದೂರವನ್ನು ಅಳೆದರೆ ವೃತ್ತವೆಂದು ಭಾವಿಸಿದ್ದು ಅಂಡಾಕಾರವಾಗುತ್ತದೆ. ಏಕೆಂದರೆ ಅಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರು, ರೇಖಾಂಶದ ಒಂದು ಡಿಗ್ರಿ ಸುಮಾರು 83. ತಕ್ಕ ಪ್ರಕ್ಷೇಪವನ್ನು ಬಳಸಿದರೆ ಈ ದೋಷವು ನೀಗುತ್ತದೆ. ಇನ್ನೊಂದು ದೋಷವು ಮೂಲದಲ್ಲಿಯೇ ಇದೆ. ಅಪರಾಧಕ್ಕೀಡಾದವರ ಗೋಪ್ಯವನ್ನು ಕಾಪಾಡುವುದಕ್ಕಾಗಿ ಬಿಂದುವನ್ನು ನಿಜವಾದ ಸ್ಥಳದಿಂದ ಸರಿಸಿ, ಅದೇ ಬ್ಲಾಕಿನೊಳಗೆ ಇರಿಸಲಾಗಿದೆಯೆಂದು ಪಟ್ಟಿಯೇ ತಿಳಿಸುತ್ತದೆ. ಷಿಕಾಗೋವಿನ ಬ್ಲಾಕು ಸಾಮಾನ್ಯವಾಗಿ ಮೈಲಿಯ ಎಂಟನೆಯ ಒಂದು ಭಾಗ, ಎಂದರೆ ಸುಮಾರು 200 ಮೀಟರು. ಹೀಗಿರುವಾಗ ಒಂದು ಶಾಲೆಯಿಂದ 100 ಮೀಟರಿನೊಳಗೆ ನಡೆದ ಅಪರಾಧಗಳೆಷ್ಟು ಎಂದು ಕೇಳಿದರೆ ಬರುವ ಉತ್ತರವು ಗಣಿತದಲ್ಲಿ ಸರಿ, ಅರ್ಥದಲ್ಲಿ ಪೊಳ್ಳು. ಓಲೆಯು ಮುರಿದ ಕಡೆ ಲಿಪಿಕಾರನು ತುಂಬಿದ ಅಕ್ಷರಗಳಿಂದ ಕವಿಯ ಛಂದಸ್ಸನ್ನು ನಿರ್ಣಯಿಸಿದಂತೆ ಇದು. ವರದಿಯಲ್ಲಿ ಕೊಟ್ಟ ಅಪರಾಧದ ಹೆಸರೂ ಪ್ರಾಥಮಿಕವಾದುದು. ಮುಂದಿನ ತನಿಖೆಯಿಂದ ಅದು ಬದಲಾಗಬಹುದು.

ಇದು ಕೇವಲ ಸೂಕ್ಷ್ಮವಾದವಲ್ಲ. ಬಿಂದುವು ಯಾರ ಮನೆಯ ಮುಂದೆ ಬಿದ್ದಿತೋ ಆ ಮನೆಗೆ ಅಪಕೀರ್ತಿ ಅಂಟುತ್ತದೆ. ಅದನ್ನು ತೊಡೆಯುವ ಉಪಾಯವು ಅಲ್ಲಿನ ನಿವಾಸಿಗಳ ಕೈಯಲ್ಲಿಲ್ಲ. ಒಬ್ಬರನ್ನು ಕಾಪಾಡಲು ಮಾಡಿದ ಮಾರ್ಪಾಟು ಹೀಗೆ ಇನ್ನೊಬ್ಬರಿಗೆ ಹಾನಿಯಾಗುತ್ತದೆ.

ಆದುದರಿಂದ ಬ್ಲಾಕಿಗಿಂತ ಕಿರಿದಾದ ಅಳತೆಯಲ್ಲಿ ಈ ಪಟ್ಟಿಯನ್ನು ಪ್ರಶ್ನಿಸುವುದು ಯುಕ್ತವಲ್ಲ. ಬಿಂದುಗಳಿಗೆ ಬದಲಾಗಿ ಬ್ಲಾಕನ್ನೇ ಬಣ್ಣದಿಂದ ತೋರಿಸುವುದೂ, ಮೂಲದ ಎಚ್ಚರಿಕೆಯನ್ನು ಪಟದ ಮೇಲೆಯೇ ಅಚ್ಚಿಸುವುದೂ ಪಟಕಾರನ ಕರ್ತವ್ಯ. ಮೂಲವು ಹೇಳದಿರುವುದನ್ನು ಪಟವು ಹೇಳಬಾರದು.