ಇಂದಿರೆಯ ಪಾಲು

ತ್ರಿವೇಣಿಯವರ ‘ಬೆಳ್ಳಿಮೋಡ’ ನನ್ನ ಕೈಗೆ ಬಂದದ್ದು ಅಮ್ಮ ಓದಿ ಮುಗಿಸಿದ ಮೇಲೆ. ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತಂದರೆ ನಮ್ಮ ಮನೆಯಲ್ಲಿ ಮೊದಲ ಹಕ್ಕು ಅವಳದು. ಮೈಸೂರಿನ ಹಳೇ ಬಡಾವಣೆಯ ಮನೆ. ಎಲ್ಲರ ಊಟವಾಗಿ, ಅಡುಗೆಮನೆ ಸಾರಿಸಿ, ಒದ್ದೆ ಸೆರಗನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತಳೆಂದರೆ ಎರಡರಿಂದ ಮೂರರವರೆಗೆ ಅವಳನ್ನು ಯಾರೂ ಕರೆಯುವಂತಿಲ್ಲ. ಮೂರಕ್ಕೆ ಕಾಫಿಗೆ ನೀರಿಡಬೇಕು. ಓದು ನಿಂತ ಪುಟಕ್ಕೆ ಪೊರಕೆಕಡ್ಡಿಯ ಚೂರೊಂದನ್ನು ಇಟ್ಟು ಏಳುತ್ತಿದ್ದಳು. ಆಗ 1974, ನನಗೆ ಹದಿನಾಲ್ಕು.

ಕಥೆ ನಿಮಗೆ ಗೊತ್ತಿದ್ದದ್ದೇ. ತೋಟದ ಮನೆಯ ಒಬ್ಬಳೇ ಮಗಳು ಇಂದಿರೆ. ಆಸ್ತಿಯೆಲ್ಲ ಅವಳದೇ ಎಂದು ನಂಬಿ ಅವಳನ್ನು ಒಪ್ಪಿಕೊಂಡ ಮೋಹನ. ಬಹಳ ವರ್ಷಗಳ ಮೇಲೆ ಇಂದಿರೆಯ ತಾಯಿಗೆ ಗಂಡುಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಪೆಟ್ಟು ತಿಂದು ಮಲಗಿದಾಗ ಶುಶ್ರೂಷೆ ಮಾಡುವವಳೂ ಇಂದಿರೆಯೇ. ಆಗ ಮನಸ್ಸು ತಿರುಗಿ ಮದುವೆಯಾಗೋಣ ಎನ್ನುತ್ತಾನೆ. ಅವಳು ಬೇಡ ಎನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರ ಮಾಡಿದಾಗ ಕಲ್ಪನಾ ಆ ‘ಬೇಡ’ವನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು.

ಆ ಒಂದು ಮಾತಿಗೆ ನಾನು ಸೋತುಹೋಗಿದ್ದೆ. ಅಮ್ಮನೂ ಅಷ್ಟೆ. “ಹುಡುಗಿ ಬೇಡ ಅಂದಳಲ್ಲ, ಅಷ್ಟು ಸಾಕು” ಎಂದು ಪುಸ್ತಕ ಮುಚ್ಚಿದ್ದಳು. ಗಂಡು ಬೇಡ ಅನ್ನುವುದನ್ನೂ ಹೆಣ್ಣು ತಲೆ ತಗ್ಗಿಸಿ ನಿಲ್ಲುವುದನ್ನೂ ಕಂಡಿದ್ದ ನಮಗೆ ಅದು ತಿರುವುಮುರುವಾಗಿ ಕಂಡದ್ದೇ ದೊಡ್ಡ ಸಮಾಧಾನ.

ಅಮ್ಮನ ಆ ಒಂದು ಗಂಟೆ ಎಲ್ಲಿಂದ ಬಂತು ಎಂದು ಈಗ ಯೋಚಿಸುತ್ತೇನೆ. ಅಜ್ಜಿಗೆ ಅದು ಇರಲಿಲ್ಲ. ಅಜ್ಜಿ ಬಾವಿಯಿಂದ ನೀರು ಸೇದಿದವಳು, ಒನಕೆ ಹಿಡಿದು ಭತ್ತ ಕುಟ್ಟಿದವಳು, ರಾಗಿ ಬೀಸಿದವಳು. ಅಮ್ಮನ ಕಾಲಕ್ಕೆ ನಲ್ಲಿ ಬಂದಿತ್ತು. ಭತ್ತ ರೈಸ್ ಮಿಲ್ಲಿಗೂ ರಾಗಿ ಹಿಟ್ಟಿನ ಗಿರಣಿಗೂ ಹೋಗುತ್ತಿದ್ದವು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರು ನಗರಕ್ಕೆ ದೀಪ ಬಂದದ್ದು 1908ರಲ್ಲಿ. ಅಡುಗೆಮನೆಗೆ ಬರಲು ಅದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಇನ್ನೊಂದು ಕಡೆಯಿಂದ ಅಕ್ಷರ ಬಂತು. 1881ರಲ್ಲಿ ಆರಂಭವಾದ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯ ದಾರಿಯಲ್ಲಿ ಊರಿನ ಎಷ್ಟೋ ಮನೆಗಳ ಹುಡುಗಿಯರು ಓದು ಕಲಿತರು. ಯಂತ್ರ ಬಿಡುವು ಕೊಟ್ಟು ಶಾಲೆ ಅಕ್ಷರ ಕೊಡದಿದ್ದರೆ ಅಮ್ಮ ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದಳು. ಅಕ್ಷರ ಬಂದು ಬಿಡುವು ಇಲ್ಲದಿದ್ದರೆ ಪುಸ್ತಕ ಕಪಾಟಿನಲ್ಲೇ ಇರುತ್ತಿತ್ತು. ಎರಡೂ ಕೂಡಿದ ಆ ಹೊತ್ತಿನಲ್ಲೇ ತ್ರಿವೇಣಿಯವರಿಗೆ ಓದುಗರು ಸಿಕ್ಕಿದ್ದು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಮೈಸೂರಿನ ಲೇಖಕಿ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಹೆಂಗಸರು ಕಾದು ಓದಿದರು.

ಇಂಥ ಬರಹವನ್ನೇ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರು ಇದ್ದರು. ಅವರು ಅಡುಗೆಮನೆಯಲ್ಲಿ ಎಷ್ಟು ಹೊತ್ತು ಕಳೆದಿದ್ದರೋ ಕಾಣೆ. ಮದುವೆಯ ಹಿಂದಿನ ಕೂಡು-ಕಳೆ ಲೆಕ್ಕವನ್ನು ಮೋಹನನ ಮುಖದಲ್ಲಿ ಇಷ್ಟು ನೇರವಾಗಿ ತೋರಿಸಿದ ಕಾದಂಬರಿಯನ್ನು ಸೌಟಿನ ಸದ್ದು ಎಂದು ತಳ್ಳಿಹಾಕುವುದು ಅನ್ಯಾಯ.

ಆದರೆ ನನಗೂ ಒಂದು ತಕರಾರು ಇದೆ. ಅದು ಹುಟ್ಟಿದ್ದು 1998ರಲ್ಲಿ, ಅಪ್ಪ ತೀರಿಕೊಂಡ ವರ್ಷ.

ವೈಕುಂಠ ಸಮಾರಾಧನೆ ಕಳೆದು ತಿಂಗಳಾಗಿರಬಹುದು. ಅಣ್ಣ ಬಂದು ಒಂದು ಸಹಿ ಬೇಕಿತ್ತು ಎಂದ. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು ಕಾಗದ ಓದಿದೆ. ‘ಹಕ್ಕು ಖುಲಾಸೆ ಪತ್ರ’ ಎಂದಿತ್ತು. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಹೊರಗೆ ಬಂದ ಮೇಲೆ ಅಣ್ಣ ಮೈಸೂರು ಸಿಲ್ಕ್ ಸೀರೆಯ ಪೊಟ್ಟಣ ಕೈಗಿಟ್ಟು, “ಅರಿಶಿನ ಕುಂಕುಮದ ಬಾಬ್ತು ಅಂತ ಇಟ್ಕೋ. ಗೌರಿಹಬ್ಬದ ಬಾಗಿನ ಯಾವ ವರ್ಷಾನೂ ತಪ್ಪೋಲ್ಲ” ಎಂದ. ಅವನು ಕೆಟ್ಟವನಲ್ಲ. ಬಾಗಿನ ಇವತ್ತಿಗೂ ತಪ್ಪಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇಬ್ಬರಿಗೂ ಗೊತ್ತಿತ್ತು. ತವರಿನ ಬಾಗಿಲು ತೆರೆದಿರಲಿ ಎಂದು ನಾನು ಸಹಿ ಹಾಕಿದೆ, ಅಷ್ಟೆ.

ಸಹಿ ಹಾಕುವಾಗ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ನನಗೆ ಪಾಲೇ ಇಲ್ಲದಿದ್ದರೆ ನನ್ನ ಸಹಿ ಯಾಕೆ ಬೇಕಿತ್ತು?

ಆಮೇಲೆ ಕೂತು ಓದಿ ತಿಳಿದುಕೊಂಡೆ. ಹೆಣ್ಣಿನ ಆಸ್ತಿಯ ವಿಷಯದಲ್ಲಿ ನಮ್ಮ ಮೈಸೂರು ಹಿಂದುಳಿದ ಸೀಮೆಯೇನಲ್ಲ. ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಭಾಗ ಕೊಡುವ ಕಾನೂನು ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾನೂನು ಆದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ, ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನಿಂದಲೇ ಬರುವ ಹಕ್ಕು ಗಂಡಿಗೆ ಉಳಿಯಿತು. ಮಗಳಿಗೆ ಸಿಗುತ್ತಿದ್ದುದು ಅಪ್ಪನ ಭಾಗದಲ್ಲಿನ ಒಂದು ಚೂರು. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಎಂದಿತು. ನನ್ನ ಮದುವೆ 1984ರದು. ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿಸಿ, ಆ ಹಕ್ಕು ಬಂದದ್ದು 2005ರಲ್ಲಿ. ಅಷ್ಟು ಹೊತ್ತಿಗೆ ನನ್ನ ಹೆಬ್ಬೆಟ್ಟಿನ ಮಸಿ ಒಣಗಿ ಏಳು ವರ್ಷವಾಗಿತ್ತು.

ಆಗ ಮತ್ತೆ ‘ಬೆಳ್ಳಿಮೋಡ’ ತೆಗೆದೆ. ಗಂಡು ಹುಟ್ಟಿತು ಎಂದ ಕೂಡಲೇ ಮೋಹನನ ಲೆಕ್ಕದಲ್ಲಿ ಇಂದಿರೆ ಸೊನ್ನೆಯಾಗುತ್ತಾಳೆ. ಅವನ ಲೆಕ್ಕ ನೀಚ ಎಂದು ನಾವೆಲ್ಲ ಬೈದೆವು. ತಪ್ಪು ಎಂದು ಯಾರೂ ಹೇಳಲಿಲ್ಲ. ತೋಟ ತಂದೆಯ ಸ್ವಂತದ್ದಾಗಿದ್ದರೆ ತಮ್ಮ ಹುಟ್ಟಿದ ಮೇಲೂ ಅವಳಿಗೆ ಅರ್ಧ ಬರಬಹುದಿತ್ತು. ಚಿತ್ರ ತೆರೆಗೆ ಬಂದಾಗ ಆ ಕಾನೂನಿಗೆ ಹನ್ನೊಂದು ವರ್ಷ. ಟಾಕೀಸಿನಲ್ಲಿ ಅಳುತ್ತಾ ಕೂತ ಹೆಂಗಸರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತು? ಕಥೆಯನ್ನು ಮುಂದಕ್ಕೆ ಒಯ್ಯುವುದು ಪ್ರೀತಿ, ಅವಮಾನ, ಸ್ವಾಭಿಮಾನ. ಪಾಲಿನ ಪ್ರಶ್ನೆ ಕಥೆಯನ್ನು ಹೊತ್ತಿಸಿ ತಾನು ಮರೆಗೆ ಸರಿಯುತ್ತದೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಹೆಣ್ಣಿನ ಮನಸ್ಸಿನ ಒಳಕೋಣೆಗಳನ್ನೆಲ್ಲ ತೆರೆದರು. ಮನೆಯ ಕಬ್ಬಿಣದ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ನನ್ನ ತಕರಾರು ಇದು.

ಇದಕ್ಕಿಂತ ಹರಿತವಾದ ವಿಮರ್ಶೆಯನ್ನು ನಾನು ಕೇಳಿದ್ದು ನಮ್ಮ ಹಿತ್ತಲಲ್ಲಿ. ಅಮ್ಮನ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಉಳಿದ ಹೊತ್ತೆಲ್ಲ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಈ ಊರಿನ ಓಣಿಗಳಲ್ಲಿ ಸಾವಿರಾರು ಹೆಂಗಸರ ಕೆಲಸ ಅದು. ಮಣೆ ಮುಂದಿಟ್ಟುಕೊಂಡು ಕಡ್ಡಿಗೆ ಕಪ್ಪು ಹಿಟ್ಟು ಹೊಸೆಯಬೇಕು, ಸಾವಿರಕ್ಕೆ ಇಷ್ಟು ಎಂದು ಕೂಲಿ. ನಮ್ಮ ಮನೆಗೆ ಯಂತ್ರ ಬಂದು ಕೆಲಸ ಇಳಿಸಿತು. ಅವಳ ಮನೆಗೆ ಕಾರ್ಖಾನೆಯೇ ಬಂದು ಕೂತಿತ್ತು, ಒಲೆಯ ಪಕ್ಕದಲ್ಲಿ. ಒಂದು ದಿನ ಅಮ್ಮ ಅವಳಿಗೆ ಇಂದಿರೆಯ ಕಥೆ ಹೇಳಿದಳು. ತಾಯಿ ಸತ್ತ ತಮ್ಮನನ್ನು ಎತ್ತಿ ಸಾಕುವ ತನಕ ಸುಮ್ಮನೆ ಕೇಳಿದವಳು ಬೂದಿ ಕೈಯನ್ನು ನಿಲ್ಲಿಸಿ, “ಅಲ್ಲ ಕಣ್ರವ್ವ, ಕೂಸ್ನ ಸಾಕುದ್ಲಲ್ಲ ಆ ಯಮ್ಮ, ಅದ್ಕೆ ಏನ್ ಕೊಟ್ರು?” ಎಂದಳು. ಅಮ್ಮ ನಕ್ಕುಬಿಟ್ಟಳು. ನಾನೂ ನಕ್ಕೆ. ಸಾಕುವುದಕ್ಕೆ ಯಾರಾದರೂ ಕೊಡುತ್ತಾರೆಯೇ?

ಎಣಿಸಿ ಕೂಲಿ ಪಡೆಯುವವಳಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಅದು. ಎಣಿಕೆಯೇ ಇಲ್ಲದ ಕೆಲಸ ಮಾಡುವ ನಮಗೆ ಹೊಳೆಯಲಿಲ್ಲ. 1981ರಲ್ಲಿ ಮನೆಗೆ ಮಿಕ್ಸಿ ಬಂತು, ಒರಳುಕಲ್ಲು ಹಿತ್ತಲು ಸೇರಿತು. ಅಮ್ಮನ ಒಂದು ಗಂಟೆ ಎರಡಾಗಬೇಕಿತ್ತಲ್ಲ? ಆಗಲಿಲ್ಲ. ಹಬ್ಬ ಹರಿದಿನಕ್ಕಿದ್ದ ದೋಸೆ ವಾರಕ್ಕೆ ಮೂರು ದಿನವಾಯಿತು, ಒಂದು ಚಟ್ನಿ ಎರಡಾಯಿತು. ಉಳಿದ ಹೊತ್ತನ್ನು ಮನೆ ನುಂಗಿ ನೀರು ಕುಡಿಯಿತು. ಯಂತ್ರಕ್ಕೆ ಹೊತ್ತು ಉಳಿಸಲು ಬರುತ್ತದೆ. ಅದು ಯಾರಿಗೆ ಸೇರಬೇಕು ಎಂದು ಕೇಳಲು ಜನವೇ ಬೇಕು.

ಅದನ್ನು ಕೇಳುವ ಜನ ನಮ್ಮ ಊರಿನಲ್ಲೂ ಹುಟ್ಟಿಕೊಂಡರು. ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿ ಆರಂಭವಾದ ಸಮತಾ ವೇದಿಕೆ, ಮನೆಯೊಳಗಿನ ಮಾತು ಎಂದು ಮುಚ್ಚಿಟ್ಟಿದ್ದನ್ನು ಬೀದಿಗೆ ತಂದಿತು. ಅದರಲ್ಲಿ ತೊಡಗಿಕೊಂಡಿದ್ದ ಕವಯಿತ್ರಿ ವಿಜಯಾ ದಬ್ಬೆಯವರು (1951–2018) ಕನ್ನಡ ಸಾಹಿತ್ಯವನ್ನು ಹೆಣ್ಣಿನ ಕಡೆಯಿಂದ ಮತ್ತೆ ಓದಲು ಕಲಿಸಿದರು. ತ್ರಿವೇಣಿಯವರಲ್ಲಿ ತಕರಾರು ತೆಗೆಯುವ ಧೈರ್ಯ ನನಗೆ ಬಂದದ್ದು ಇಂಥವರಿಂದ. ಹಾಗೆಂದು ತ್ರಿವೇಣಿಯವರನ್ನು ಕೆಳಗಿಳಿಸಲಾರೆ. ‘ಬೇಡ’ ಎನ್ನಲು ಬಾರದ ಹುಡುಗಿ ಮುಂದೆ ‘ನನ್ನದು ಕೊಡಿ’ ಎಂದಾಳೇ? ಮೊದಲ ಮಾತನ್ನು ಅವರು ಕಲಿಸಿಕೊಟ್ಟರು. ಎರಡನೆಯದನ್ನು ಕಲಿಯುವುದು ಓದಿದ ನಮ್ಮ ಕೆಲಸವಾಗಿತ್ತು. ನಾನು ಕಲಿಯಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಆ ಹೊತ್ತಿನಲ್ಲಿ ಇಂದಿರೆಯ ‘ಬೇಡ’ವನ್ನೇ ಹೇಳಿದೆ, ಹೇಳಬಾರದ ಜಾಗದಲ್ಲಿ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆ ದಿನ ನನಗೆ ಪಾತ್ರೆ ತೊಳೆಯುತ್ತಿದ್ದಾಕೆಯ ನೆನಪಾಯಿತು. ‘ಏನ್ ಕೊಟ್ರು’ ಎಂದು ಅವಳು ಕೇಳಿ ನಲವತ್ತು ವರ್ಷವಾದ ಮೇಲೆ ಸರ್ಕಾರದ ಕಾಗದದಲ್ಲಿ ‘ಯಜಮಾನಿ’ ಎಂಬ ಪದ ಬಂದಿತ್ತು. ಮನೆಯ ಪತ್ರದಲ್ಲಿ ಆ ಪದ ಎಷ್ಟು ಜನಕ್ಕೆ ಬಂದಿದೆಯೋ ನಿಮ್ಮ ನಿಮ್ಮ ಕಪಾಟು ತೆಗೆದು ನೋಡಿಕೊಳ್ಳಿ.

ಆ ರೇಷ್ಮೆ ಸೀರೆ ನನ್ನ ಬೀರುವಿನಲ್ಲಿದೆ. 1912ರಲ್ಲಿ ಆರಂಭವಾದ ಇಲ್ಲಿನ ಕಾರ್ಖಾನೆಯ ಮಗ್ಗದಲ್ಲಿ ನೇಯ್ದದ್ದು, ಒಳ್ಳೆಯ ಸೀರೆ, ಒಂದು ಎಳೆಯೂ ಸಡಿಲವಾಗಿಲ್ಲ. ಮೊನ್ನೆ ಮಗಳು ಇದನ್ನು ತನಗೆ ಕೊಡು ಎಂದಳು. ಕೊಡುತ್ತೇನೆ, ಆದರೆ ಇದು ಯಾವುದರ ಬದಲಿಗೆ ಬಂತು ಅಂತ ಮೊದಲು ಕೇಳಿಸ್ಕೋ ಎಂದೆ. ಅವಳು ಫೋನು ಕೆಳಗಿಟ್ಟು ಕೂತಳು. ಹೇಳಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಕಾಫಿಗೆ ನೀರಿಡಲು ಆವತ್ತು ನಾನು ಏಳಲಿಲ್ಲ.