ಪುಟ್ಟ ಯಂತ್ರದ ಮಹಾಶ್ವಾಸ

ಫೋರ್ಡ್ ಸಂಸ್ಥೆಯು 2012ರಲ್ಲಿ ಹೊರತಂದ, ಕೇವಲ 999 ಸಿ.ಸಿ. ಗಾತ್ರದ, ಮೂರೇ ಸಿಲಿಂಡರುಗಳ ಇಕೋಬೂಸ್ಟ್ ಪೆಟ್ರೋಲ್ ಎಂಜಿನ್ನು, ವ್ಯರ್ಥವಾಗಿ ಹೊರಬೀಳುವ ಅನಿಲದ ವೇಗದಿಂದಲೇ ಟರ್ಬೋಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಒಳತುಂಬಿ, ಆರಂಭದಲ್ಲಿಯೇ 125 ಅಶ್ವಶಕ್ತಿಯನ್ನು ಹೊಮ್ಮಿಸಿದ ಬಗೆಯನ್ನು ಅರಿತವನಿಗೆ ಮಾನವಪ್ರತಿಭೆಯಲ್ಲಿ ಗೌರವವು ಇಮ್ಮಡಿಸದೆ ಇರಲಾರದು. ಸಹಜವಾದ ಕಂಪನವನ್ನಡಗಿಸಲು ಪ್ರತ್ಯೇಕ ದಂಡವೊಂದನ್ನು ಸೇರಿಸದೆ, ಫ್ಲೈವೀಲ್ ಮತ್ತು ಮುಂಬದಿಯ ಪುಲ್ಲಿಗಳ ತೂಕವನ್ನೇ ಬುದ್ಧಿಪೂರ್ವಕವಾಗಿ ಅಸಮಗೊಳಿಸಿದ ಯುಕ್ತಿಯಂತೂ, ನನ್ನ ಮಟ್ಟಿಗೆ, ಕಾವ್ಯದ ಅಲಂಕಾರದಷ್ಟೇ ರಮಣೀಯವಾದುದು. ಆದರೆ ಎಣ್ಣೆಯಲ್ಲಿಯೇ ಓಡುವಂತೆ ರಚಿಸಿದ ಟೈಮಿಂಗ್ ಬೆಲ್ಟು ಕಾಲಕ್ರಮೇಣ ಜೀರ್ಣಗೊಂಡು, ಅದರ ಚೂರುಗಳು ಆಯಿಲ್ ಪಂಪಿಗೆ ಎಣ್ಣೆಯೊಯ್ಯುವ ಜಾಲರಿಯನ್ನು ಮುಚ್ಚಿ, ಟರ್ಬೋ ಬೇರಿಂಗುಗಳು ಎಣ್ಣೆಯಿಲ್ಲದೆ ಸವೆದ ಪ್ರಸಂಗಗಳುಂಟು. ಇಷ್ಟು ಸೊಗಸಾದ ರಚನೆಗೆ ಇಂಥ ಕುಂದು ತಟ್ಟಿದುದು ಖೇದಕರ. ಮುಂದಿನ ಆವೃತ್ತಿಗಳಲ್ಲಿ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ಹೊಣೆ ಲೋಹದ ಚೈನಿಗೆ ಸಂದಿತು.